ಕುಫ್ರಿ ಜ್ಯೋತಿ ಮತ್ತು ಪರಲೋಕದ ಜ್ಯೋತಿ

ಏಪ್ರಿಲ್ ಕೊನೆಗೋ ಮೇ ಮೊದಲಿಗೋ ಹಾಸನದ ಎಪಿಎಂಸಿ ಯಾರ್ಡಿಗೆ ಒಂದು ಸಲ ಹೋಗಿ ನೋಡಿ. ಜಲಂಧರ್ ಕಡೆಯಿಂದ ಬಿತ್ತನೆ ಆಲೂಗಡ್ಡೆಯ ಲಾರಿಗಳು ಬಂದು ನಿಂತಿರುತ್ತವೆ. ಜಾಸ್ತಿ ಕುಫ್ರಿ ಜ್ಯೋತಿ ತಳಿ. ನಮ್ಮ ಜನ ಅದನ್ನು ಕೊಳ್ಳುವ ಚೆಂದವೇ ಚೆಂದ. ಮೂಟೆಯ ಬಾಯಿ ಬಿಚ್ಚಿಸುತ್ತಾರೆ. ಮೇಲಿನ ಗಡ್ಡೆ ಮುಟ್ಟುವುದೇ ಇಲ್ಲ, ಮೇಲಿನದು ಎಲ್ಲರ ಮೂಟೆಯಲ್ಲೂ ಚೆನ್ನಾಗೇ ಇರುತ್ತದೆ. ಅಡಿಗೆ ಕೈ ಹಾಕಿ ಒಂದು ಗಡ್ಡೆ ಎಳೆದು, ಕಣ್ಣು ಎಷ್ಟಿದೆ ನೋಡಿ, ಮೂಸಿ, ಜೇಬಿನಿಂದ ಚಾಕು ತೆಗೆದು ಎರಡು ಹೋಳು ಮಾಡಿ, ಒಳಗೆ ಕಪ್ಪು ಇದೆಯಾ ಅಂತ ಬೆಳಕಿಗೆ ಹಿಡಿದು ನೋಡಿ, ಆಮೇಲೆ ಪಕ್ಕದ ಮೂಟೆಗೂ ಅದನ್ನೇ ಮಾಡಿ, ಕೊನೆಗೆ ‘ಬಿಲ್ ಕೊಡಪ್ಪಾ, ನಾಳೆ ಮೊಳಕೆ ಬರದಿದ್ದರೆ ಯಾರನ್ನ ಹಿಡ್ಕೊಳ್ಳಲಿ’ ಅನ್ನುತ್ತಾರೆ. ತಪ್ಪೇನಿಲ್ಲ. ಅಂಗಮಾರಿ ರೋಗ ಬಂದು ಒಂದೇ ವಾರದಲ್ಲಿ ಇಡೀ ಹೊಲ ಕಪ್ಪಾದದ್ದನ್ನು ನೋಡಿದ ಜನ ಇವರು.

ಅದೇ ಜನ, ಅದೇ ವಾರ, ಊರಾಚೆಯ ಮೈದಾನದ ಶಾಮಿಯಾನದ ಕೆಳಗೆ ಕೂತಿದ್ದರು. ಕೋಟು ಹಾಕಿದ ಒಬ್ಬ ಮನುಷ್ಯ ಮೈಕ್ ಹಿಡಿದು ‘ದೇವರು ನನಗೆ ಈಗಷ್ಟೇ ಹೇಳಿದ’ ಅಂದ. ಎಲ್ಲರೂ ಜೇಬಿಗೆ ಕೈ ಹಾಕಿದರು.

ಚಾಕು ತೆಗೆಯುವುದಕ್ಕಲ್ಲ.

ನಾವು ಮೂರು ತಲೆಮಾರಿನಿಂದ ಕ್ರೈಸ್ತರು. ವಾರವೆಲ್ಲ ಆಲೂಗಡ್ಡೆ, ಭಾನುವಾರ ಆರಾಧನೆ. ಹಾಗಾಗಿ ಇದನ್ನು ಹೊರಗಿನವನಾಗಿ ಬರೆಯುತ್ತಿಲ್ಲ, ಒಳಗಿನವನ ಹೊಟ್ಟೆಯುರಿ ಇದು. ಆ ಕೂಟಕ್ಕೆ ನಾನೂ ಹೋಗಿದ್ದೆ. ಕರೆದುಕೊಂಡು ಹೋದದ್ದು ನಮ್ಮ ಚಿಕ್ಕಮ್ಮ, ಅಂದರೆ ನಮ್ಮ ಸೀಮೆಯಲ್ಲಿ ಬಿತ್ತನೆ ಗಡ್ಡೆ ಕೊಯ್ಯುವುದರಲ್ಲಿ ಎತ್ತಿದ ಕೈ. ಒಂದು ಹೋಳಿಗೆ ಎರಡು ಕಣ್ಣು ಬರುವ ಹಾಗೆ ಕತ್ತಲಲ್ಲೂ ಕೊಯ್ಯುತ್ತಾರೆ. ಅವರಿಗೆ ಮಂಡಿ ನೋವು, ಜೊತೆಗೆ ಬಿಪಿ.

ಫ್ಲೆಕ್ಸ್ ನೋಡಿದಾಗಲೇ ನನಗೆ ಅನುಮಾನ ಬರಬೇಕಿತ್ತು. ಆಳೆತ್ತರದ ಫೋಟೋ ಆ ಮನುಷ್ಯನದು, ಕಪ್ಪು ಕನ್ನಡಕ, ಕೈಯಲ್ಲಿ ಮೈಕ್. ಮೂಲೆಯಲ್ಲಿ ಅಂಚೆ ಚೀಟಿಯಷ್ಟು ಗಾತ್ರದಲ್ಲಿ ಯೇಸು. ಹಿಂದುಗಡೆ ಶೆಟ್ಟಿಹಳ್ಳಿ ಚರ್ಚಿನ ಡ್ರೋನ್ ಚಿತ್ರ. ಪಾಪ, ಆ ಚರ್ಚು ಹೇಮಾವತಿ ಹಿನ್ನೀರಿನಲ್ಲಿ ಮಳೆಗಾಲವೆಲ್ಲ ಮುಳುಗಿ, ಬೇಸಿಗೆಯಲ್ಲಿ ಎದ್ದು, ಚಾವಣಿ ಇಲ್ಲದೆ, ಗಂಟೆ ಇಲ್ಲದೆ ನಿಂತಿದೆ. ಯಾರ ಹತ್ತಿರವೂ ಕಾಣಿಕೆ ಕೇಳದ ಏಕೈಕ ಚರ್ಚು ಜಿಲ್ಲೆಯಲ್ಲಿ ಅದೇ ಇರಬೇಕು, ಅದನ್ನೂ ಬಿಡಲಿಲ್ಲ. ಹೆಸರಿನ ಹಿಂದೆ ‘ಪ್ರವಾದಿ, ಅಪೊಸ್ತಲ, ಡಾಕ್ಟರ್’ ಅಂತ ಮೂರು ಬಿರುದು. ಯಾವ ಡಾಕ್ಟರ್ ಅಂತ ಕೇಳಬೇಡಿ. ಕೆಳಗೆ ‘ಪ್ರವೇಶ ಉಚಿತ’. ವಾಪಸ್ ಹೋಗುವುದು ಉಚಿತವಲ್ಲ ಅನ್ನುವುದನ್ನು ಸಣ್ಣ ಅಕ್ಷರದಲ್ಲೂ ಹಾಕಿರಲಿಲ್ಲ.

ಬಾಗಿಲಲ್ಲೇ ಬಿಳಿ ಅಂಗಿಯ ಹುಡುಗರು ಒಂದು ಚೀಟಿ ಕೊಟ್ಟರು. ಹೆಸರು, ಊರು, ಫೋನ್ ನಂಬರು, ‘ನಿಮ್ಮ ಸಮಸ್ಯೆ ಏನು’. ಚಿಕ್ಕಮ್ಮ ಹೇಳಿದರು, ನಾನೇ ಬರೆದುಕೊಟ್ಟೆ. ಒಂದು ಗಂಟೆ ಹಾಡು ಆಯಿತು. ಆಮೇಲೆ ಪ್ರವಾದಿಗಳು ಕಣ್ಣು ಮುಚ್ಚಿ, ಹಣೆಗೆ ಕೈ ಕೊಟ್ಟು, ‘ಇಲ್ಲಿ ಒಬ್ಬ ತಾಯಿ ಇದ್ದಾರೆ, ಅವರಿಗೆ ಮಂಡಿ ನೋವಿದೆ’ ಅಂದರು. ಶಾಮಿಯಾನದ ಅರ್ಧ ಭಾಗ ಎದ್ದು ನಿಂತಿತು. ಅರವತ್ತು ದಾಟಿದ, ಹೊಲದಲ್ಲಿ ಬಗ್ಗಿ ಬಗ್ಗಿ ದುಡಿದ ಹೆಂಗಸರೇ ಕೂತಿರುವ ಕಡೆ ಮಂಡಿ ನೋವು ಇರುವವರನ್ನು ಕಂಡುಹಿಡಿಯುವುದು ಯಾವ ದೊಡ್ಡ ವರ? ಮಂಡಿ ನೋವು ಇಲ್ಲದ ಒಬ್ಬ ತಾಯಿಯನ್ನು ಹುಡುಕಿ ನಿಲ್ಲಿಸಿದ್ದರೆ ನಾನೂ ಸ್ತೋತ್ರ ಅನ್ನುತ್ತಿದ್ದೆ.

ಆಮೇಲೆ ಹೆಸರು ಹಿಡಿದು ಕರೆಯಲು ಶುರು ಮಾಡಿದರು. ಊರಿನ ಹೆಸರೂ ಬಂತು. ಜನ ಅತ್ತರು. ನಾನು ಮಾತ್ರ ಆ ಚೀಟಿಗಳು ಯಾವ ಕಡೆ ಹೋದವು ಅಂತ ಯೋಚಿಸುತ್ತಾ ಕೂತಿದ್ದೆ. ಇದು ಹೊಸ ವಿದ್ಯೆಯೇನಲ್ಲ. ಅಮೆರಿಕದಲ್ಲಿ ಪೀಟರ್ ಪಾಪಾಫ್ ಅನ್ನುವ ಟಿವಿ ಬೋಧಕ ಹೀಗೇ ಹೆಸರು, ಕಾಯಿಲೆ ಎಲ್ಲ ಹೇಳುತ್ತಿದ್ದ. ಜೇಮ್ಸ್ ರ್‍ಯಾಂಡಿ ಅನ್ನುವ ಜಾದೂಗಾರನಿಗೆ ಅನುಮಾನ ಬಂದು, ಅವನ ಕಡೆಯವರು ರೇಡಿಯೋ ಸ್ಕ್ಯಾನರ್ ಹಿಡಿದುಕೊಂಡು ಕೂಟಕ್ಕೆ ಹೋದರು. ನೋಡಿದರೆ ಬೋಧಕನ ಹೆಂಡತಿ ಒಳಗೆ ಕೂತು ಆ ಪ್ರಾರ್ಥನೆ ಚೀಟಿಗಳನ್ನು ಓದಿ ಓದಿ ಗಂಡನ ಕಿವಿಗೆ ಹೇಳುತ್ತಿದ್ದಳು, ಗಂಡನ ಕಿವಿಯೊಳಗೆ ಪುಟ್ಟ ಯಂತ್ರ. 1986ರಲ್ಲಿ ರ್‍ಯಾಂಡಿ ಅದರ ರೆಕಾರ್ಡಿಂಗನ್ನು ಟಿವಿಯಲ್ಲೇ ಹಾಕಿಬಿಟ್ಟ. ದೇವರ ವಾಣಿ ಬರುತ್ತಿದ್ದದ್ದು 39.17 ಮೆಗಾಹರ್ಟ್ಸ್‌ನಲ್ಲಿ. ನಮಗೂ ಹಾಸನದಲ್ಲೇ ಒಂದು ಆಕಾಶವಾಣಿ ಇದೆ. ಅದು ಯಾವತ್ತೂ ನಾನೇ ದೇವರು ಅಂದಿಲ್ಲ, ಹವಾಮಾನ ಹೇಳುವಾಗಲೂ ‘ಸಾಧ್ಯತೆ ಇದೆ’ ಅಂತಲೇ ಹೇಳುತ್ತದೆ.

ಹವಾಮಾನ ಅಂದೆ ನೋಡಿ, ಅದಕ್ಕೂ ಪ್ರವಾದನೆ ಆಯಿತು. ‘ಹಾಸನದ ಜನರೇ, ಇನ್ನು ಕೆಲವೇ ದಿನಗಳಲ್ಲಿ ಆಕಾಶ ತೆರೆಯುತ್ತದೆ, ಮಳೆ ಸುರಿಯುತ್ತದೆ!’ ಮೇ ತಿಂಗಳಲ್ಲಿ ನಿಂತು ಜೂನ್‌ನಲ್ಲಿ ಮಳೆ ಬರುತ್ತದೆ ಅನ್ನುವುದಕ್ಕೆ ಬಿರುದು ಬೇಕಾ? ಸಕಲೇಶಪುರದ ಕಪ್ಪೆಗಳು ಅದನ್ನು ಪುಕ್ಕಟೆ ಹೇಳುತ್ತವೆ. ಜನ ಚಪ್ಪಾಳೆ ತಟ್ಟಿದರು. ಬೈಬಲಿನ ಧರ್ಮೋಪದೇಶಕಾಂಡದ ಹದಿನೆಂಟನೇ ಅಧ್ಯಾಯದಲ್ಲಿ ಬಲು ಸರಳವಾದ ಪರೀಕ್ಷೆ ಇದೆ: ಪ್ರವಾದಿ ಹೇಳಿದ್ದು ನಡೆಯದಿದ್ದರೆ ಅದು ದೇವರ ಮಾತಲ್ಲ, ಅವನಿಗೆ ಹೆದರಬೇಡಿ. ಅದಕ್ಕೇ ಇವರು ನಡೆದೇ ನಡೆಯುವ ಸಂಗತಿಯನ್ನೇ ಹುಡುಕಿ ಹೇಳುತ್ತಾರೆ. ಬುದ್ಧಿವಂತರು.

ಈಗ ಕಾಣಿಕೆಗೆ ಬರೋಣ, ಕೂಟವೂ ಬಂದದ್ದು ಅದಕ್ಕೇ. ಅದರ ಹೆಸರು ‘ಬೀಜ ಕಾಣಿಕೆ’. ಒಂದು ಬಿತ್ತಿದರೆ ನೂರು ಬೆಳೆಯುತ್ತದಂತೆ. ಐದು ಸಾವಿರ ಬಿತ್ತಿ, ಐದು ಲಕ್ಷ ಕೊಯ್ಯಿರಿ. ಈ ಮಾತನ್ನು ಎಲ್ಲಿ ಬೇಕಾದರೂ ಹೇಳಬಹುದಿತ್ತು, ಆಲೂಗಡ್ಡೆ ಬೆಳೆಯುವವರ ಮುಂದೆ ಹೇಳಲು ಎದೆಗಾರಿಕೆ ಬೇಕು. ಒಳ್ಳೆ ಗಡ್ಡೆ, ಹದವಾದ ಮಳೆ, ಹೊತ್ತು ಹೊತ್ತಿಗೆ ಔಷಧಿ, ಎಲ್ಲ ಕೂಡಿ ಬಂದರೂ ನಮಗೆ ಒಂದಕ್ಕೆ ಎಂಟೋ ಹತ್ತೋ ಸಿಕ್ಕರೆ ಆ ವರ್ಷ ಮನೆಗೆ ಸುಣ್ಣ ಹೊಡೆಸುತ್ತೇವೆ. ಒಂದಕ್ಕೆ ನೂರು ಅಂತ ಯಾರ್ಡಿನಲ್ಲಿ ಯಾವ ವ್ಯಾಪಾರಿಯಾದರೂ ಹೇಳಿದ್ದರೆ ಅವನ ಕಾಲರ್ ನಮ್ಮ ಕೈಯಲ್ಲಿರುತ್ತಿತ್ತು. ಅದಿರಲಿ, ಬೇಸಾಯ ಗೊತ್ತಿರುವ ಯಾರಿಗಾದರೂ ಹೊಳೆಯಬೇಕಾದ ಇನ್ನೊಂದು ಪ್ರಶ್ನೆ ಇದೆಯಲ್ಲ. ಬೀಜ ನನ್ನದು, ಸರಿ. ಬಿತ್ತುವುದು ಯಾರ ಹೊಲದಲ್ಲಿ? ಅವರ ಹೊಲದಲ್ಲಿ ಬಿತ್ತಿದ ಬೀಜ ನನ್ನ ಕಣಕ್ಕೆ ಹೇಗೆ ಬರುತ್ತದೆ? ಬಿತ್ತಿದ ಹೊಲದಲ್ಲೇ ಬೆಳೆ ಬರುವುದು. ಪ್ರವಾದಿಗಳ ಕಾರು ನೋಡಿದಾಗ ಅಲ್ಲಿ ಬೆಳೆ ಚೆನ್ನಾಗಿ ಬಂದಿರುವುದು ಗೊತ್ತಾಯಿತು.

ವೇದಿಕೆಯ ಪಕ್ಕದಲ್ಲೇ ಕ್ಯೂಆರ್ ಕೋಡ್ ಬೇರೆ, ಬಾಗಿಲಷ್ಟು ದೊಡ್ಡದು. ನನಗೆ ಬೈಬಲಿನ ಗೇಹಜಿ ನೆನಪಾದ. ಸಿರಿಯಾದ ಸೇನಾಪತಿ ನಾಮಾನನ ಕುಷ್ಠ ವಾಸಿಯಾದಾಗ ಪ್ರವಾದಿ ಎಲೀಷ ಒಂದು ಕಾಸೂ ಮುಟ್ಟಲಿಲ್ಲ. ಅವನ ಸೇವಕ ಗೇಹಜಿ ಮಾತ್ರ ರಥದ ಹಿಂದೆ ಓಡಿಹೋಗಿ, ಸುಳ್ಳು ಹೇಳಿ, ಬೆಳ್ಳಿಯನ್ನೂ ಬಟ್ಟೆಯನ್ನೂ ಇಸ್ಕೊಂಡು ಬಂದ. ಅದೇ ಕುಷ್ಠ ಅವನಿಗೆ ಅಂಟಿತು. ಪಾಪ, ಆ ಕಾಲದಲ್ಲಿ ಓಡಬೇಕಿತ್ತು. ಈಗ ಗೇಹಜಿ ನಿಂತಲ್ಲೇ ನಿಲ್ಲುತ್ತಾನೆ, ಬೆಳ್ಳಿಯೇ ಸ್ಕ್ಯಾನ್ ಮಾಡಿಕೊಂಡು ಬರುತ್ತದೆ. ಸಮಾರ್ಯದ ಸೀಮೋನ ಅಂತೂ ಪವಿತ್ರಾತ್ಮನ ವರವನ್ನೇ ದುಡ್ಡು ಕೊಟ್ಟು ಕೊಳ್ಳಲು ಹೋಗಿ, ನಿನ್ನ ದುಡ್ಡು ನಿನ್ನ ಜೊತೆಗೇ ಹಾಳಾಗಲಿ ಅಂತ ಪೇತ್ರನ ಬಾಯಲ್ಲಿ ಬೈಸಿಕೊಂಡ. ಆ ಪೇತ್ರ ಈ ಶಾಮಿಯಾನಕ್ಕೆ ಬಂದಿದ್ದರೆ ಬಾಗಿಲಲ್ಲೇ ಅವನಿಗೂ ಚೀಟಿ ಕೊಟ್ಟು ‘ನಿಮ್ಮ ಸಮಸ್ಯೆ ಏನು’ ಅನ್ನುತ್ತಿದ್ದರು.

ಎರಡನೇ ದಿನ ಎಣ್ಣೆ. ‘ಬಿಡುಗಡೆಯ ಎಣ್ಣೆ’, ಅಂಗೈಯಗಲದ ಸೀಸೆ, ಮುನ್ನೂರು ರೂಪಾಯಿ ‘ಕಾಣಿಕೆ’. ಬೆಲೆ ಅಂದರೆ ಪಾಪವಂತೆ. ಹಚ್ಚಿಕೊಂಡ ಮೇಲೆ ಮಾತ್ರೆ ನುಂಗಿದರೆ ಅದು ಅಪನಂಬಿಕೆ ಅಂತಲೂ ಹೇಳಿದರು, ಹೆಸರಿನ ಹಿಂದೆ ಡಾಕ್ಟರ್ ಅಂತ ಹಾಕಿಕೊಂಡ ಅದೇ ಮನುಷ್ಯ. ಇಲ್ಲಿಯವರೆಗೆ ನಗುತ್ತಿದ್ದವನಿಗೆ ಇಲ್ಲಿ ನಗು ಬರಲಿಲ್ಲ, ಯಾಕೆಂದರೆ ಚಿಕ್ಕಮ್ಮ ಆವತ್ತು ರಾತ್ರಿಯಿಂದ ಬಿಪಿ ಮಾತ್ರೆ ನಿಲ್ಲಿಸಿದರು.

ನಾನು ಬೈಬಲ್ ಹಿಡಿದುಕೊಂಡು ಜಗಳಕ್ಕೆ ಕೂತೆ. ಪೌಲನಿಗಿಂತ ದೊಡ್ಡ ಅಪೊಸ್ತಲ ಯಾರು ಚಿಕ್ಕಮ್ಮಾ? ಶಿಷ್ಯ ತಿಮೊಥೆಗೆ ಹೊಟ್ಟೆ ಸರಿಯಿಲ್ಲದಾಗ ಪೌಲ ಎಣ್ಣೆ ಸೀಸೆ ಕಳಿಸಲಿಲ್ಲ, ಬರೀ ನೀರು ಕುಡಿಯಬೇಡ, ಸ್ವಲ್ಪ ದ್ರಾಕ್ಷಾರಸ ತಗೋ ಅಂತ ಕಾಗದ ಬರೆದ. ಜೊತೆಗಾರ ತ್ರೊಫಿಮ ಕಾಯಿಲೆ ಬಿದ್ದಾಗ ಅವನನ್ನು ಮಿಲೇತ ಅನ್ನುವ ಊರಲ್ಲೇ ಬಿಟ್ಟು ಮುಂದೆ ಹೋದ. ಜೊತೆಗಿದ್ದ ಲೂಕ ವೈದ್ಯ, ಅವನಿಗೆ ಕೆಲಸ ಬಿಡು ಅನ್ನಲಿಲ್ಲ. ನಮ್ಮ ಸೀಮೆಗೆ ಬಂದ ಪಾದ್ರಿಗಳೇನು ಮಾಡಿದರು? ಫ್ರಾನ್ಸಿನಿಂದ ಬಂದ ಅಬ್ಬೆ ಡುಬಾಯ್ ಮೈಸೂರು ಸೀಮೆಯಲ್ಲಿ ಸಿಡುಬಿನ ಲಸಿಕೆ ಹಾಕಿಸಲು ಓಡಾಡಿದರು, ಇನ್ನೂರು ವರ್ಷಕ್ಕೂ ಹಿಂದೆ. ಅವರ ಹತ್ತಿರ ಎಣ್ಣೆ ಇರಲಿಲ್ಲವಾ? ಇತ್ತು. ಲಸಿಕೆಯನ್ನೂ ಹಾಕಿಸಿದರು. ನೀವು ಹುಟ್ಟಿದ್ದೇ ನಮ್ಮೂರ ಮಿಷನ್ ಆಸ್ಪತ್ರೆಯಲ್ಲಿ ಅಲ್ವಾ?

‘ಅಭಿಷಿಕ್ತರ ಮೇಲೆ ಮಾತಾಡಬಾರದು ಮಗಾ, ಶಾಪ ತಟ್ಟುತ್ತೆ’ ಅಂದರು ಚಿಕ್ಕಮ್ಮ.

ಇದೇ ನೋಡಿ ಬೀಗ. ಕೀರ್ತನೆಗಳ ನೂರೈದನೇ ಅಧ್ಯಾಯದಿಂದ ‘ನಾನು ಅಭಿಷೇಕಿಸಿದವರನ್ನು ಮುಟ್ಟಬೇಡಿ’ ಅನ್ನುವ ಒಂದು ಸಾಲನ್ನು ಕಿತ್ತು ತಂದು ಹಾಕಿದ ಬೀಗ. ಅಲ್ಲಿ ಮಾತಿರುವುದು ಅಬ್ರಹಾಮ, ಇಸಾಕ, ಯಾಕೋಬರು ಪರದೇಶದಲ್ಲಿ ಅಲೆಯುತ್ತಿದ್ದಾಗ ರಾಜರು ಅವರನ್ನು ಹಿಂಸಿಸಬಾರದು ಅಂತ. ಲೆಕ್ಕ ಕೇಳಬಾರದು ಅಂತಲ್ಲ. ಬೆರೋಯ ಅನ್ನುವ ಊರಿನ ಜನ ಸಾಕ್ಷಾತ್ ಪೌಲ ಬಂದು ಹೇಳಿದಾಗಲೂ ‘ಇರಪ್ಪಾ, ನೋಡ್ತೀವಿ’ ಅಂತ ದಿನಾ ಗ್ರಂಥ ತೆಗೆದು ಪರೀಕ್ಷೆ ಮಾಡುತ್ತಿದ್ದರಂತೆ. ಅಪೊಸ್ತಲರ ಕೃತ್ಯಗಳಲ್ಲಿ ಅವರನ್ನು ಹೊಗಳಿದೆ, ಶಾಪ ತಟ್ಟಿದ್ದು ಬರೆದಿಲ್ಲ. ನಮ್ಮ ಪ್ರವಾದಿಗಳು ಬೆರೋಯಕ್ಕೆ ಹೋಗಿದ್ದರೆ ಒಂದೇ ದಿನಕ್ಕೆ ಶಾಮಿಯಾನ ಬಿಚ್ಚಬೇಕಿತ್ತು.

ಶಾಪದ ಹೆದರಿಕೆ ಎಲ್ಲಿಗೆ ಹೋಗಿ ಮುಟ್ಟುತ್ತದೆ ಅನ್ನುವುದನ್ನೂ ಲೋಕ ನೋಡಿದೆ. ಕೀನ್ಯಾದ ಶಾಕಹೋಲಾ ಕಾಡಿನಲ್ಲಿ 2023ರಲ್ಲಿ ನಾನೂರಕ್ಕೂ ಜಾಸ್ತಿ ಹೆಣ ಅಗೆದು ತೆಗೆದರು. ಉಪವಾಸ ಸತ್ತರೆ ಯೇಸುವನ್ನು ನೋಡಬಹುದು ಅಂತ ನಂಬಿಸಲಾಗಿತ್ತು. ಮಕ್ಕಳೂ ಇದ್ದರು. ಅವರೇನು ದಡ್ಡರಲ್ಲ, ನಮ್ಮ ಹಾಗೆ ಹೊಲ ಮನೆ ಇದ್ದವರೇ.

ಹಾಗಂತ ನಮ್ಮ ಹಳೇ ಸಭೆಗಳೇನು ಹಾಲಿನಲ್ಲಿ ಅದ್ದಿ ತೆಗೆದವಲ್ಲ. ಕಮಿಟಿ ಚುನಾವಣೆ ಬಂದರೆ ಗ್ರಾಮ ಪಂಚಾಯಿತಿಯವರು ಬಂದು ಪಾಠ ಕಲಿಯಬೇಕು, ಅಷ್ಟು ಚೆನ್ನಾಗಿ ಜಗಳ ಆಡುತ್ತೇವೆ. ಚಿಕ್ಕಮ್ಮ ಎರಡು ತಿಂಗಳು ಮಂಡಿ ನೋವಿನಿಂದ ಆರಾಧನೆಗೆ ಬರದಿದ್ದಾಗ ನಮ್ಮವರು ಯಾರೂ ಮನೆ ಕಡೆ ತಿರುಗಿ ನೋಡಲಿಲ್ಲ, ನಾನೂ ಸೇರಿ. ಬಿಳಿ ಅಂಗಿಯ ಹುಡುಗರು ಮಾತ್ರ ವಾರಕ್ಕೆ ಮೂರು ಸಲ ಫೋನ್ ಮಾಡಿ ‘ಅಮ್ಮಾ, ಊಟ ಆಯ್ತಾ, ನೋವು ಹೇಗಿದೆ’ ಅಂದರು. ನಂಬರು ಬರೆದುಕೊಟ್ಟವನು ನಾನೇ.

ಮೂರನೇ ದಿನ ಚಿಕ್ಕಮ್ಮ ಗಡ್ಡೆ ಮಾರಿದ ದುಡ್ಡಲ್ಲಿ ಐದು ಸಾವಿರ ಸೆರಗಿನಲ್ಲಿ ಕಟ್ಟಿಕೊಂಡು ಹೊರಟರು. ತಡೆದರೆ ಕೇಳುವವರಲ್ಲ, ಸುಮ್ನೆ ಹಿಂದೆ ಹೋದೆ. ಕವರ್ ಹಿಡಿದು ನಿಂತಿದ್ದ ಹುಡುಗನ ಮುಂದೆ ಹೋಗಿ ಗಂಟು ಬಿಚ್ಚಿದರು. ನೋಟು ಎರಡು ಸಲ ಎಣಿಸಿದರು. ಕೊಡುವ ಹೊತ್ತಿಗೆ, ನಲವತ್ತು ವರ್ಷದ ಅಭ್ಯಾಸ ಎಲ್ಲಿ ಹೋಗುತ್ತದೆ, ಬಾಯಿಂದ ತಾನಾಗಿ ಬಂತು:

‘ಬಿಲ್ ಕೊಡಪ್ಪಾ.’

ಹುಡುಗ ನಕ್ಕ. ‘ಅಮ್ಮಾ, ಇದಕ್ಕೆಲ್ಲ ಬಿಲ್ ಇರಲ್ಲ, ಇದು ಬೀಜ.’

‘ಬೀಜಕ್ಕೇ ಕಣಪ್ಪಾ ಬಿಲ್ ಬೇಕಾಗೋದು. ನಾಳೆ ಹುಟ್ಟದಿದ್ರೆ ಯಾರನ್ನ ಕೇಳಲಿ?’

‘ವಿಶ್ವಾಸ ಇಡಿ ಅಮ್ಮಾ.’

‘ವಿಶ್ವಾಸ ದೇವರ ಮೇಲೆ ಐತೆ. ನೀನು ಯಾವೂರವನು?’

ಹುಡುಗ ಪಕ್ಕದವನ ಮುಖ ನೋಡಿದ. ಪಕ್ಕದವನು ಇನ್ನೊಬ್ಬನನ್ನು ಕರೆದ. ಹಿಂದೆ ಸಾಲಿನಲ್ಲಿ ನಿಂತಿದ್ದ ಒಬ್ಬ ಗೌಡರು ‘ಹೌದಲ್ವಾ, ಚೀಟಿ ಏನಾದರೂ ಕೊಡಿ’ ಅಂದರು. ಅವರ ಹಿಂದಿನವರೂ ಅಂದರು. ಹಾಡಿನ ಸದ್ದು ಜಾಸ್ತಿ ಮಾಡಿದರು. ಚಿಕ್ಕಮ್ಮ ನೋಟು ಮತ್ತೆ ಸೆರಗಿಗೆ ಕಟ್ಟಿಕೊಂಡು, ಗಂಟು ಬಿಗಿ ಮಾಡಿ, ‘ನಡಿ ಮಗಾ, ಬಸ್ ಹೋಗುತ್ತೆ’ ಅಂದರು. ಮಾರನೇ ದಿನ ಬೆಳಿಗ್ಗೆ ತಿಂಡಿ ಆದಮೇಲೆ ಮಾತ್ರೆ ಡಬ್ಬಿ ಎಲ್ಲಿಟ್ಟೆ ಅಂತ ಹುಡುಕುತ್ತಿದ್ದರು. ನಾನು ಏನೂ ಕೇಳಲಿಲ್ಲ, ಹುಡುಕಿಕೊಟ್ಟೆ.

ಎಣ್ಣೆ ಸೀಸೆ ಅಡುಗೆಮನೆ ಗೂಡಿನಲ್ಲೇ ಇತ್ತು. ಮೂಸಿ ನೋಡಿದೆ, ಕೊಬ್ಬರಿ ಎಣ್ಣೆಗೆ ಗುಲಾಬಿ ಎಸೆನ್ಸು. ಹೋದ ವಾರ ಹಿತ್ತಲಿನ ಹಲಸಿನ ಹಣ್ಣು ಬಿಡಿಸಲು ಕೂತಾಗ ಚಿಕ್ಕಮ್ಮ ಅದನ್ನೇ ತಂದು ಕೈಗೂ ಚಾಕುವಿಗೂ ಧಾರಾಳವಾಗಿ ಹಚ್ಚಿಕೊಂಡರು. ತೊಳೆ ಬಿಡಿಸಿ, ಕೈ ಒರೆಸಿಕೊಂಡು, ಬೆರಳು ನೋಡಿಕೊಂಡು ಹೇಳಿದರು: ‘ಬಿಡುಗಡೆ ಎಣ್ಣೆ ಅಂದಿದ್ದು ಸುಳ್ಳಲ್ಲ ಕಣೋ. ಮೇಣ ಒಂದು ಚೂರೂ ಅಂಟಲಿಲ್ಲ.’