ಮತ್ತಿನ ಡಾಕ್ಟರಿಗೆ ನಾವು ಹೇಳದೆ ಉಳಿಸಿದ್ದು

ಕಳೆದ ವರ್ಷದ ಆಷಾಢದ ಮಳೆಯಲ್ಲಿ ಪಾಚಿ ಕಟ್ಟಿದ ಅಂಗಳದಲ್ಲಿ ಜಾರಿ ಬಿದ್ದು ನಮ್ಮ ದೊಡ್ಡಪ್ಪನವರ ತೊಡೆಯ ಮೂಳೆ ಸೊಂಟದ ಬುಡದಲ್ಲೇ ಮುರಿಯಿತು. ಅವರಿಗೆ ಆಗ 79 ವರ್ಷ. ಸೋಮವಾರಪೇಟೆ ಕಡೆಯ ನಮ್ಮ ತೋಟದಿಂದ ಮೈಸೂರಿನ ಒಂದು ಆಸ್ಪತ್ರೆಗೆ ಕರೆದೊಯ್ದೆವು. ಮರುದಿನ ಶಸ್ತ್ರಚಿಕಿತ್ಸೆಯಾಗಿ, ಸಂಜೆ ಅವರು ಮಾತನಾಡುತ್ತಾ ಗಂಜಿ ಕುಡಿದದ್ದನ್ನು ಕಂಡು ಗಂಡಾಂತರ ಕಳೆಯಿತೆಂದೇ ಭಾವಿಸಿದೆವು. ಅದರ ಮರುರಾತ್ರಿ ಎರಡು ಗಂಟೆಗೆ ಅವರು ಎದ್ದು ಕುಳಿತು, ಗದ್ದೆಗೆ ಆನೆ ಇಳಿದಿದೆ, ಗೇಟು ಹಾಕಿ, ಪಟಾಕಿ ತನ್ನಿ ಎಂದು ಕೂಗತೊಡಗಿದರು; ಡ್ರಿಪ್ಪಿನ ಸೂಜಿ ಕಿತ್ತೆಸೆದರು; ಹಿಡಿಯಲು ಹೋದ ಸ್ವಂತ ಮಗನನ್ನು ತೋಟದ ರೈಟರ್ ಎಂದು ತಿಳಿದು ಗದರಿಸಿದರು.

ಬೆಳಗಾಗುವಷ್ಟರಲ್ಲಿ ಬಂಧುಗಳಲ್ಲಿ ಎರಡು ಪಕ್ಷಗಳಾಗಿದ್ದವು. ಮತ್ತಿನ ಔಷಧಿ ಹೆಚ್ಚು ಕೊಟ್ಟು ತಲೆ ಕೆಡಿಸಿದ್ದಾರೆ ಎಂದು ಒಂದು ಪಕ್ಷ, ವಯಸ್ಸಾಯಿತಲ್ಲ, ಅರಳುಮರಳು ಎಂದು ಇನ್ನೊಂದು. ಇಬ್ಬರ ಮಾತೂ ಸರಿಯಿರಲಿಲ್ಲ. ನಮ್ಮ ಅಜ್ಜಿಯ ಕಾಲದವರು ಇದನ್ನು ‘ಸನ್ನಿ’ ಎನ್ನುತ್ತಿದ್ದರು, ವೈದ್ಯರು ‘ಡೆಲಿರಿಯಂ’ ಎನ್ನುತ್ತಾರೆ. ಮರೆವಿನ ಕಾಯಿಲೆ ವರ್ಷಗಟ್ಟಲೆ ನಿಧಾನವಾಗಿ ಬರುತ್ತದೆ. ಸನ್ನಿ ಗಂಟೆಗಳಲ್ಲಿ ಬಂದು, ಬೆಳಿಗ್ಗೆ ತಿಳಿಯಾಗಿ, ಸಂಜೆಗೆ ಮತ್ತೆ ಏರುತ್ತದೆ. ಶಸ್ತ್ರಚಿಕಿತ್ಸೆಯ ಬಳಿಕ ಸಾಮಾನ್ಯವಾಗಿ ಮೊದಲ ಮೂರು ದಿನಗಳಲ್ಲೇ ಕಾಣಿಸಿಕೊಳ್ಳುತ್ತದೆ. ಕೂಗಾಡುವ ಸನ್ನಿಯಾದರೆ ಎಲ್ಲರ ಕಣ್ಣಿಗೂ ಬೀಳುತ್ತದೆ. ಆದರೆ ಮಂಕಾಗಿ, ಮಾತಿಲ್ಲದೆ, ಊಟ ಬೇಡವೆಂದು ಗೋಡೆಗೆ ಮುಖ ಮಾಡಿ ಮಲಗುವ ಸನ್ನಿಯೂ ಇದೆ. ‘ಪಾಪ, ಚೆನ್ನಾಗಿ ನಿದ್ದೆ ಮಾಡುತ್ತಿದ್ದಾರೆ’ ಎಂದು ನಾವು ಸಮಾಧಾನಪಟ್ಟುಕೊಳ್ಳುವುದು ಇಂಥವರನ್ನು ನೋಡಿಯೇ.

ಈ ಬರಹದ ಉದ್ದೇಶ ಆಸ್ಪತ್ರೆಯನ್ನು ದೂರುವುದಲ್ಲ, ನಮ್ಮನ್ನೇ ದೂರಿಕೊಳ್ಳುವುದು. ಶಸ್ತ್ರಚಿಕಿತ್ಸೆಗೆ ಮೊದಲು ಅರಿವಳಿಕೆ ತಜ್ಞರು, ಅಂದರೆ ಮತ್ತಿನ ಡಾಕ್ಟರು, ಬಂದು, ದಿನವೂ ಯಾವ ಮಾತ್ರೆ ತೆಗೆದುಕೊಳ್ಳುತ್ತಾರೆ, ಕುಡಿಯುವ ಅಭ್ಯಾಸವಿದೆಯೇ, ಇತ್ತೀಚೆಗೆ ಮರೆವು ಕಂಡಿದೆಯೇ ಎಂದು ಸಾವಧಾನವಾಗಿಯೇ ಕೇಳಿದ್ದರು. ಬಿಪಿ ಮಾತ್ರೆಯ ಹೆಸರು ಹೇಳಿದೆವು. ಕುಡಿತದ ಬಗ್ಗೆ, ಸೊಸೆ ಪಕ್ಕದಲ್ಲಿ ನಿಂತಿದ್ದಳು ಎಂಬ ಸಂಕೋಚಕ್ಕೆ, ‘ಹಬ್ಬ ಹುಣ್ಣಿಮೆಗೆ ಸ್ವಲ್ಪ’ ಎಂದೆವು. ನಲವತ್ತು ವರ್ಷಗಳಿಂದ ಸಂಜೆ ಏಳಕ್ಕೆ ಎರಡು ಪೆಗ್ ತಪ್ಪಿಸದ ಮನುಷ್ಯ ಅವರು. ಮದ್ಯ ಮನೆಯ ಆತಿಥ್ಯದ ಭಾಗವೇ ಆಗಿರುವ ಕೊಡಗಿನಲ್ಲಿ, ಮಂಟಪದಲ್ಲಿ ಎಲ್ಲರೆದುರು ಗ್ಲಾಸು ಹಿಡಿಯುವ ನಾವು ವೈದ್ಯರೆದುರು ಮಾತ್ರ ಏಕಾಏಕಿ ಮಡಿವಂತರಾಗುತ್ತೇವೆ! ದಿನವೂ ಕುಡಿಯುವವರಿಗೆ ಅದು ಒಮ್ಮೆಲೆ ನಿಂತಾಗ ಬರುವ ತೀವ್ರ ಸನ್ನಿ ಕೊನೆಯ ಗ್ಲಾಸಿನ ಬಳಿಕ ಸುಮಾರು 48ರಿಂದ 96 ಗಂಟೆಗಳ ನಡುವೆ ಬರುತ್ತದೆ. ಮೊದಲೇ ಗೊತ್ತಿದ್ದರೆ ವೈದ್ಯರು ಅದಕ್ಕೆ ಔಷಧಿಯ ಏರ್ಪಾಡು ಮಾಡಿಕೊಳ್ಳುತ್ತಾರೆ, ಗೊತ್ತಿಲ್ಲದಿದ್ದರೆ ಪ್ರಾಣಕ್ಕೇ ಎರವಾಗಬಹುದು. ದೊಡ್ಡಪ್ಪನವರು ಬಿದ್ದದ್ದು ಸೋಮವಾರ ಬೆಳಿಗ್ಗೆ, ಆನೆ ಇಳಿದದ್ದು ಬುಧವಾರ ರಾತ್ರಿ. ಲೆಕ್ಕ ನೀವೇ ಹಾಕಿಕೊಳ್ಳಿ.

ಅಷ್ಟೇ ಅಲ್ಲ. ಅವರ ದಿಂಬಿನ ಕೆಳಗೆ ಅಲ್ಪ್ರಜೋಲಂ ನಿದ್ದೆ ಮಾತ್ರೆಯ ಪಟ್ಟಿ ಇದ್ದುದು ದೊಡ್ಡಮ್ಮನಿಗೆ ಮಾತ್ರ ತಿಳಿದಿತ್ತು. ಈ ಬಗೆಯ ಮಾತ್ರೆಗಳು, ಶೀತಕ್ಕೆ ಅಂಗಡಿಯಿಂದ ತರುವ ಕ್ಲೋರ್ಫೆನಿರಮೈನ್, ತುರಿಕೆಗೆ ನುಂಗುವ ಅವಿಲ್, ನರನೋವಿಗೆ ಬರೆದುಕೊಡುವ ಅಮಿಟ್ರಿಪ್ಟಿಲಿನ್ ಇವೆಲ್ಲ ಹಿರಿಯರ ಮಿದುಳನ್ನು ಮಂಕಾಗಿಸುವ ಔಷಧಿಗಳೆಂದು ಹೆಸರಾದವು. ನಿದ್ದೆ ಮಾತ್ರೆಯನ್ನು ಹೆದರಿ ದಿಢೀರನೆ ನಿಲ್ಲಿಸುವುದೂ ಅಪಾಯವೇ. ನಮ್ಮ ಕೆಲಸ ಮಾತ್ರೆಗಳನ್ನೆಲ್ಲ ಒಂದು ಚೀಲಕ್ಕೆ ಸುರಿದು ವೈದ್ಯರ ಮೇಜಿನ ಮೇಲೆ ಇಡುವುದು. ನಿಲ್ಲಿಸುವುದು, ಮುಂದುವರಿಸುವುದು ಅವರ ಕೆಲಸ.

‘ಪೂರ್ತಿ ಮತ್ತು ಬೇಡ, ಬೆನ್ನಿಗೆ ಸೂಜಿ ಕೊಡಿ, ಮಿದುಳಿಗೆ ಒಳ್ಳೆಯದು’ ಎಂದು ವಾದಿಸುವವರು ಪ್ರತಿ ಕುಟುಂಬದಲ್ಲೂ ಒಬ್ಬರಿರುತ್ತಾರೆ. ನಮ್ಮಲ್ಲಿ ಅದು ನಾನೇ. ಸೊಂಟ ಮುರಿದ 1,600 ಮಂದಿಯನ್ನು ಎರಡು ಗುಂಪು ಮಾಡಿ ಅಮೆರಿಕ ಮತ್ತು ಕೆನಡಾಗಳಲ್ಲಿ ನಡೆಸಿದ ಅಧ್ಯಯನವೊಂದು 2021ರಲ್ಲಿ ಪ್ರಕಟವಾಯಿತು. ಬೆನ್ನಿಗೆ ಅರಿವಳಿಕೆ ಪಡೆದವರಲ್ಲಿ ಶೇ 20.5, ಪೂರ್ಣ ಅರಿವಳಿಕೆ ಪಡೆದವರಲ್ಲಿ ಶೇ 19.7 ಮಂದಿಗೆ ಸನ್ನಿ ಬಂದಿತ್ತು. ಅಂದರೆ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇಲ್ಲ. ಅಲ್ಲಿಗೆ ನನ್ನ ವಾದ ಮುಗಿಯಿತು.

ಸನ್ನಿ ತಡೆಯುವುದರಲ್ಲಿ ಫಲ ಕೊಟ್ಟದ್ದು ಬಹಳ ಸಾಮಾನ್ಯ ಸಂಗತಿಗಳು. ಯೇಲ್ ವಿಶ್ವವಿದ್ಯಾಲಯದ ಶರೋನ್ ಇನೌಯೆ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಾಮಾನ್ಯ ವಾರ್ಡಿನ 70 ದಾಟಿದ 852 ರೋಗಿಗಳ ಪೈಕಿ ಒಂದು ಗುಂಪಿಗೆ ಕನ್ನಡಕ ಮತ್ತು ಕಿವಿಯ ಯಂತ್ರ ಒದಗಿಸಿ, ಬೇಗ ಎಬ್ಬಿಸಿ ನಡೆಸಿ, ನೀರು ಕುಡಿಸಿ, ರಾತ್ರಿ ಮಾತ್ರೆಯ ಬದಲು ಬೆಚ್ಚನೆಯ ಹಾಲು ಕೊಟ್ಟು, ದಿನ, ಊರು, ಹೆಸರುಗಳನ್ನು ನೆನಪಿಸುತ್ತಾ ನೋಡಿಕೊಂಡರು. ಉಳಿದವರಲ್ಲಿ ಶೇ 15 ಇದ್ದ ಸನ್ನಿ ಇವರಲ್ಲಿ ಶೇ 9.9ಕ್ಕೆ ಇಳಿಯಿತು. ಅವರೆಲ್ಲ ಶಸ್ತ್ರಚಿಕಿತ್ಸೆಯ ರೋಗಿಗಳಲ್ಲ, ನಿಜ. ಆದರೂ ಅದೇ ಕ್ರಮವನ್ನು ಶಸ್ತ್ರಚಿಕಿತ್ಸೆಯ ವಾರ್ಡುಗಳೂ ಅನುಸರಿಸುತ್ತಾ ಬಂದಿವೆ. ದೊಡ್ಡಪ್ಪನವರ ಕಿವಿಯ ಯಂತ್ರವನ್ನು, ಕಳೆದುಹೋದೀತೆಂಬ ಜಾಗ್ರತೆಗೆ, ನಾವು ಊರಿನ ಬೀರುವಿನಲ್ಲಿ ಬೀಗ ಹಾಕಿ ಇಟ್ಟು ಬಂದಿದ್ದೆವು.

ಭಾಷೆಯ ಮಾತನ್ನೂ ಇಲ್ಲೇ ಹೇಳಬೇಕು. ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳ ಆಡುವ ಮನೆಗಳ ನಮ್ಮ ಜಿಲ್ಲೆಯ ಹಿರಿಯರು ಘಟ್ಟದಾಚೆಯ ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಾಗ, ಇದು ಯಾವ ಊರು, ಏಕೆ ಬಂದಿದ್ದೀರಿ ಎಂದು ಅವರ ಮನೆಮಾತಿನಲ್ಲಿ ಹೇಳುವ ಒಬ್ಬರು ಹಾಸಿಗೆಯ ಬಳಿ ಇರಬೇಕು. ಮಕ್ಕಳೆಲ್ಲ ಬೆಂಗಳೂರಿನಲ್ಲೋ ವಿದೇಶದಲ್ಲೋ ಇರುವ ಮನೆಗಳಲ್ಲಿ ರಜೆ ಹಾಕಬೇಕಾದದ್ದು ಶಸ್ತ್ರಚಿಕಿತ್ಸೆಯ ದಿನಕ್ಕಿಂತ ಮುಖ್ಯವಾಗಿ ಆ ನಂತರದ ಮೂರು ರಾತ್ರಿಗಳಿಗೆ.

ದೊಡ್ಡಪ್ಪ ಒಂಬತ್ತು ದಿನಗಳಲ್ಲಿ ತಿಳಿಯಾದರು. ಈಗ ಕೋಲೂರಿ ನಡೆಯುತ್ತಾರೆ. ಕಾಫಿ ಮಾರಾಟದ ಲೆಕ್ಕವನ್ನು ಮಾತ್ರ ಮಗನಿಗೆ ಬಿಟ್ಟಿದ್ದಾರೆ. ಸನ್ನಿ ಬಂದವರಲ್ಲಿ ಮುಂದೆ ಮರೆವು ಹೆಚ್ಚು ಕಾಣುತ್ತದೆ. ಸನ್ನಿಯಿಂದಲೇ ಅದು ಬಂತೋ, ಒಳಗೇ ಇದ್ದದ್ದು ಬಯಲಾಯಿತೋ ಎಂಬುದು ತಜ್ಞರಲ್ಲಿ ಇನ್ನೂ ಚರ್ಚೆಯ ವಿಷಯ.

ಈ ವರ್ಷ ದೊಡ್ಡಮ್ಮನ ಮೊಣಕಾಲಿನ ಸರದಿ. ಇದು ತುರ್ತಿನದಲ್ಲವಾದ್ದರಿಂದ ಕಾಫಿ ಕೊಯ್ಲು ಮುಗಿಸಿ ಏಪ್ರಿಲ್‌ಗೆ ದಿನ ಗೊತ್ತುಮಾಡಿ, ನಡುವಿನ ಎರಡು ತಿಂಗಳಲ್ಲಿ ರಕ್ತಹೀನತೆಗೆ ಚಿಕಿತ್ಸೆ, ಕನ್ನಡಕದ ನಂಬರು, ಅಂಗಳದಲ್ಲಿ ದಿನವೂ ನಡಿಗೆ ಇವಿಷ್ಟನ್ನು ಮುಗಿಸಿದೆವು. ಅರಿವಳಿಕೆ ತಜ್ಞರು ಮೂರು ಪದ ಹೇಳಿ, ಗಡಿಯಾರದ ಚಿತ್ರ ಬರೆಸಿ, ಪದಗಳನ್ನು ತಿರುಗಿ ಕೇಳಿದಾಗ ಅಣ್ಣ ‘ನಮ್ಮ ಅಮ್ಮನಿಗೆ ಅಂಥದ್ದೇನೂ ಇಲ್ಲ ಡಾಕ್ಟ್ರೇ’ ಎಂದು ಮುನಿದ. ದೊಡ್ಡಮ್ಮ ಅವನನ್ನು ಸುಮ್ಮನಿರಿಸಿ, ‘ಇವನು ಹೇಳಲಿಕ್ಕಿಲ್ಲ, ನಾನೇ ಹೇಳ್ತೇನೆ, ಹುತ್ತರಿ ಕಳೆದ ಮೇಲೆ ಹೆಸರುಗಳು ಮರೆತುಹೋಗ್ತವೆ’ ಎಂದರು. ಎರಡು ಪದ ನೆನಪಿತ್ತು, ಒಂದು ಇರಲಿಲ್ಲ. ವೈದ್ಯರು ಬರೆದುಕೊಂಡರು, ಅದಕ್ಕೆ ತಕ್ಕಂತೆ ಔಷಧಿಗಳನ್ನು ಆರಿಸಿದರು. ಹೊಟ್ಟೆಯ ತೊಂದರೆಯೇನೂ ಇಲ್ಲದ್ದರಿಂದ ಶಸ್ತ್ರಚಿಕಿತ್ಸೆಗೆ ಎರಡು ಗಂಟೆ ಮೊದಲಿನವರೆಗೆ ನೀರನ್ನೂ ಹಾಲಿಲ್ಲದ ಬೆಲ್ಲದ ಕಾಫಿಯನ್ನೂ ಕುಡಿಯಬಹುದೆಂದರು. ದೊಡ್ಡಮ್ಮನಿಗೆ ಆ ವೈದ್ಯರ ಮೇಲೆ ಗೌರವ ಹುಟ್ಟಿದ್ದೇ ಆ ಮಾತಿಗೆ.

ಎರಡನೆಯ ರಾತ್ರಿ ಅವರ ಹಾಸಿಗೆಯ ಪಕ್ಕದಲ್ಲಿ ಚಾಪೆ ಹಾಸಿ ನಾನು ಮಲಗಿದ್ದೆ. ಎರಡು ಗಂಟೆಗೆ ಎಚ್ಚರವಾಗಿ, ‘ತೋಟದ ಮೋಟರ್ ಆಫ್ ಮಾಡಿದ್ದಾರಾ ಕೇಳು’ ಎಂದರು. ನನ್ನ ಎದೆ ಧಸಕ್ಕೆಂದಿತು. ಊರಿಗೆ ಫೋನ್ ಮಾಡಿದರೆ, ಮೋಟರ್ ನಿಜಕ್ಕೂ ಸಂಜೆಯಿಂದ ಓಡುತ್ತಲೇ ಇತ್ತು.