ಟಿಕೆಟಿಗೆ ದೊಡ್ಡವಳು, ಆಟಕ್ಕೆ ಚಿಕ್ಕವಳು

ನಾಲ್ಕೂವರೆ ವರ್ಷದ ಮಗಳನ್ನು ಕರೆದುಕೊಂಡು ಥೀಮ್ ಪಾರ್ಕಿಗೆ ಹೋಗಿದ್ದೆವು. ಬಂದು ಎರಡು ದಿನ ಆಯಿತು, ಹೊಟ್ಟೆಯುರಿ ಇನ್ನೂ ಆರಿಲ್ಲ.

ಗೇಟಿನಲ್ಲೇ ಒಂದು ಅಳತೆ ಕಂಬ ಇತ್ತು. ಮಗಳನ್ನು ನಿಲ್ಲಿಸಿ ನೋಡಿದರು. 104 ಸೆಂಟಿಮೀಟರ್. 90 ದಾಟಿದರೆ ಟಿಕೆಟ್ ತಗೋಬೇಕಂತೆ. ಸರಿ, ತಗೊಂಡೆವು. ದೊಡ್ಡವರ ಟಿಕೆಟಿಗಿಂತ ಅಂಥಾ ಕಡಿಮೆಯೇನೂ ಇರಲಿಲ್ಲ ಬಿಡಿ. ಅವಳಿಗೋ ಖುಷಿಯೋ ಖುಷಿ. 'ಅಮ್ಮಾ, ನಾನು ದೊಡ್ಡವಳಾದೆ' ಅಂತ ಕುಣಿದಳು.

ಒಳಗೆ ಹೋದರೆ ಒಂದೊಂದು ಆಟಕ್ಕೂ ಒಂದೊಂದು ಕಂಬ. ಇದಕ್ಕೆ 120, ಅದಕ್ಕೆ 140, ಅಲ್ಲಿ ಮೂಲೆಯಲ್ಲಿರುವ ಪುಟ್ಟ ರೈಲಿಗೆ 107. ಮೂರೇ ಮೂರು ಸೆಂಟಿಮೀಟರಿಗೆ ತಪ್ಪಿತು!

ನಿಯಮದ ಮೇಲೆ ನನಗೆ ಸಿಟ್ಟಿಲ್ಲ. ತೊಡೆಯ ಮೇಲೆ ಬಂದು ಕೂರುವ ಆ ಕಂಬಿ ಚಿಕ್ಕ ಮೈಯನ್ನು ಗಟ್ಟಿಯಾಗಿ ಹಿಡಿಯುವುದಿಲ್ಲ, ತಿರುವಿನಲ್ಲಿ ಮಗು ಜಾರಿಬಿಡಬಹುದು. ಅಲ್ಲಿ ನಿಂತ ಹುಡುಗ ಬಿಡಲ್ಲ ಅಂದದ್ದು ಸರಿಯೇ. ಆದರೆ ಮಕ್ಕಳು 120 ಮುಟ್ಟುವುದು ಸುಮಾರು ಏಳು ವರ್ಷದ ಹೊತ್ತಿಗೆ. ಅಲ್ಲಿಯತನಕ ಇವರಿಗೆ ಟಿಕೆಟ್ ಕೊಟ್ಟು ಏನು ಆಡಿಸಬೇಕು, ಕುದುರೆ ತಿರುಗಣಿ ಒಂದನ್ನೇನಾ? ಈ ಎತ್ತರಕ್ಕೆ ಇಷ್ಟೇ ಆಟ ಸಿಗುತ್ತದೆ ಅಂತ ದುಡ್ಡು ತಗೊಳ್ಳುವ ಮೊದಲೇ ಒಂದು ಮಾತು ಹೇಳಿದ್ದರೆ ಗಂಟೇನು ಹೋಗುತ್ತಿತ್ತು? ಅಳೆದವರು ಅವರೇ ಅಲ್ವಾ!

ನಿಜವಾಗಿ ತಲೆ ಕೆಟ್ಟದ್ದು ದೋಣಿ ಆಟದ ಕ್ಯೂನಲ್ಲಿ. ಬೋರ್ಡಿನಲ್ಲಿ 20 ನಿಮಿಷ ಅಂತ ಇತ್ತು. ನಿಂತದ್ದು 45 ನಿಮಿಷ. ನಡುವೆ 'ಅಮ್ಮಾ, ಸುಸ್ಸು'. ಇವರು ಜಾಗ ಹಿಡಿದು ನಿಂತರು, ನಾನು ಮಗುವನ್ನು ಎತ್ತಿಕೊಂಡು ಎಲ್ಲರ ಕಾಲು ತುಳಿಯುತ್ತಾ ಹೊರಗೆ ಹೋಗಿ ಅದೇ ದಾರಿಯಲ್ಲಿ ಬಂದೆ. ಬೈಸಿಕೊಂಡೆ. ಪಕ್ಕದಲ್ಲೇ ಜಾಸ್ತಿ ದುಡ್ಡು ಕೊಟ್ಟವರ ಸಾಲು ಸರಸರ ಹೋಗುತ್ತಿತ್ತು. ಅವರು ಯಾಕೆ ಹೋಗ್ತಿದ್ದಾರೆ ಅಂತ ಇವಳು ಹತ್ತು ಸಲ ಕೇಳಿದಳು. ಏನು ಹೇಳಲಿ?

ಕೊನೆಗೂ ಮುಂದೆ ಬಂದೆವು. ಅಲ್ಲಿತ್ತು ಕಂಬ! ಸಾಲಿನ ತುದಿಯಲ್ಲಿ, ದೋಣಿ ಹತ್ತುವ ಜಾಗದಲ್ಲಿ. 110 ಬೇಕಂತೆ. ಆ ಕಂಬವನ್ನು ಸಾಲು ಶುರುವಾಗುವ ಕಡೆ ನೆಟ್ಟಿದ್ದರೆ ನಾವು ನಿಲ್ಲುತ್ತಲೇ ಇರಲಿಲ್ಲ. ಮಗು ಮೊದಲು ತುದಿಗಾಲಲ್ಲಿ ನಿಂತಿತು. ಆಮೇಲೆ ಜುಟ್ಟನ್ನು ಮೇಲಕ್ಕೆ ಎಳೆದುಕೊಂಡಿತು. ಆಮೇಲೆ ಅತ್ತಿತು.

ವಾಪಸ್ ಹೋಗಲು ದಾರಿ ಇಲ್ಲ, ಆ ಕಡೆಯಿಂದ ಹೋಗಿ ಅಂದರು. ಆ ಕಡೆ ಅಂದರೆ ಗೊಂಬೆ ಅಂಗಡಿ. ಆಡಿದವರೂ, ಆಡದವರೂ ಅದರೊಳಗಿಂದಲೇ ಹೊರಗೆ ಬರಬೇಕು. ಅಳುವ ಮಗುವನ್ನು ಹೊತ್ತುಕೊಂಡು, ಅವಳ ಕೈಗೆ ಎಟುಕುವಷ್ಟೇ ಎತ್ತರದಲ್ಲಿ ಜೋಡಿಸಿಟ್ಟ ಗೊಂಬೆಗಳ ನಡುವೆ ನಡೆದೆವು. ಅಲ್ಲಿ ಮಾತ್ರ ಯಾವ ಕಂಬವೂ ಇರಲಿಲ್ಲ.

ಸಂಜೆ ಬೆಂಚಿನಲ್ಲಿ ಸಿಕ್ಕ ಇನ್ನೊಬ್ಬ ಅಮ್ಮ ಒಂದು ವಿಷಯ ಹೇಳಿದರು. ಅಪ್ಪ ಅಮ್ಮ ಸರದಿಯಲ್ಲಿ ಆಡಬಹುದಂತೆ. ಒಬ್ಬರು ಮಗುವನ್ನು ನೋಡಿಕೊಂಡು ಹೊರಗಿದ್ದರೆ, ಆಮೇಲೆ ಅವರನ್ನು ಮತ್ತೆ ಕ್ಯೂ ಇಲ್ಲದೆ ಬಿಡುತ್ತಾರಂತೆ. ಕೇಳಿದವರಿಗೆ ಮಾತ್ರ. ನಮಗೆ ಕೊಟ್ಟ ನಕ್ಷೆಯಲ್ಲಿ ಗೊಂಬೆ ಅಂಗಡಿಗಳನ್ನೆಲ್ಲ ಬಣ್ಣ ಹಚ್ಚಿ ತೋರಿಸಿದ್ದರು, ಇದರ ಬಗ್ಗೆ ಒಂದು ಸಾಲೂ ಇರಲಿಲ್ಲ.

ಹೊರಡುವ ಗೇಟಿನಲ್ಲಿ ದಿನ ಹೇಗಿತ್ತು ಅಂತ ಕೇಳುವ ಮುಖಗಳ ಗುಂಡಿಗಳಿದ್ದವು. ಕೆಂಪು ಮುಖ ಒತ್ತೋಣ ಅಂತ ಕೈ ಚಾಚಿದೆ. ಅಷ್ಟರಲ್ಲಿ ಮಗಳು ನುಗ್ಗಿ ನಗುವ ಹಸಿರು ಮುಖವನ್ನು ಏಳೆಂಟು ಸಲ ಒತ್ತಿಬಿಟ್ಟಳು. ಇಡೀ ದಿನದಲ್ಲಿ ಅವಳಿಗೆ ಎಟುಕಿದ ಆಟ ಅದೊಂದೇ ನೋಡಿ.