ಸತ್ಯಾಂಶ: ಹ್ಯಾಶ್ ಮಾಡಿದ ಪಾಸ್‌ವರ್ಡ್ ಕದ್ದರೂ ಭಯವಿಲ್ಲವೇ?

‘ಎಂಡಿ5 ಹ್ಯಾಶ್ ಮಾಡಿಟ್ಟರೆ ಸಾಕು, ಡೇಟಾಬೇಸ್ ಕದ್ದವರಿಗೂ ಪಾಸ್‌ವರ್ಡ್ ಸಿಗದು’ ಎಂಬ ಸಂದೇಶ ಹರಿದಾಡುತ್ತಿದೆ. ಇದು ಅರ್ಧಸತ್ಯ. ಹ್ಯಾಶ್ ಎಂದರೆ ಪಾಸ್‌ವರ್ಡಿನಿಂದ ಲೆಕ್ಕ ಹಾಕಿ ಪಡೆದ, ಅದರ ಬದಲಿಗೆ ಉಳಿಸಿಡುವ ಸಂಕೇತ; ಎಂಡಿ5 ಹಾಗೆ ಲೆಕ್ಕ ಹಾಕುವ ಒಂದು ಹಳೆಯ ವಿಧಾನ. ಹ್ಯಾಶನ್ನು ಹಿಂದಕ್ಕೆ ತಿರುಗಿಸಿ ಪಾಸ್‌ವರ್ಡ್ ಪಡೆಯಲಾಗದು, ನಿಜ. ಕಳ್ಳ ಆ ಗೋಜಿಗೇ ಹೋಗುವುದಿಲ್ಲ. ಊಹಿಸಿದ ಪದಗಳನ್ನು ತಾನೂ ಹ್ಯಾಶ್ ಮಾಡಿ ಹೋಲಿಸುತ್ತಾನೆ. ಎಂಡಿ5 ಎಷ್ಟು ವೇಗವೆಂದರೆ, ಒಂದೇ ಗ್ರಾಫಿಕ್ಸ್ ಕಾರ್ಡ್ ಸೆಕೆಂಡಿಗೆ ನೂರಾರು ಕೋಟಿ ಊಹೆಗಳನ್ನು ಪರೀಕ್ಷಿಸಬಲ್ಲದು. ಸಾಲ್ಟ್ (ಹ್ಯಾಶ್ ಮಾಡುವಾಗ ಪಾಸ್‌ವರ್ಡಿಗೆ ಸೇರಿಸುವ ಯಾದೃಚ್ಛಿಕ ಬೈಟ್‌ಗಳು) ಇಲ್ಲದಿದ್ದರಂತೂ ‘123456’ ಇಟ್ಟವರೆಲ್ಲರ ಹ್ಯಾಶ್ ಒಂದೇ. ಒಂದು ಸಿಕ್ಕರೆ ಎಲ್ಲವೂ ಸಿಕ್ಕಂತೆ. 2012ರಲ್ಲಿ ಲಿಂಕ್ಡ್‌ಇನ್‌ನಿಂದ ಸೋರಿದ್ದೂ ಸಾಲ್ಟ್ ಇಲ್ಲದ ಹ್ಯಾಶ್‌ಗಳೇ.

ಬೇಕಾದದ್ದು ಉದ್ದೇಶಪೂರ್ವಕವಾಗಿ ನಿಧಾನವಾದ ಆರ್ಗಾನ್2ಐಡಿ ಎಂಬ ಹ್ಯಾಶ್ ವಿಧಾನ: ಕನಿಷ್ಠ 19 ಎಂಬಿ ಮೆಮೊರಿ, 2 ಸುತ್ತು. ಪ್ರತಿ ಖಾತೆಗೂ ಬೇರೆಯದೇ 16 ಬೈಟ್ ಸಾಲ್ಟ್; ಹ್ಯಾಶ್ ಮಾಡುವ ಸಾಫ್ಟ್‌ವೇರ್ ಲೈಬ್ರರಿಯೇ ಅದನ್ನು ಹ್ಯಾಶ್ ಜೊತೆ ಸೇರಿಸಿಡುತ್ತದೆ, ಗುಟ್ಟಾಗಿಡಬೇಕಿಲ್ಲ. ಹಳೆಯ ವ್ಯವಸ್ಥೆಯಲ್ಲಿ ಬಿಕ್ರಿಪ್ಟ್ ಎಂಬ ಹ್ಯಾಶ್ ವಿಧಾನವಿದ್ದರೆ ಅದರ ಕಾಸ್ಟ್ (ಲೆಕ್ಕವನ್ನು ಎಷ್ಟು ನಿಧಾನಗೊಳಿಸಬೇಕೆಂಬ ಅಳತೆ) 10ಕ್ಕಿಂತ ಇಳಿಯಬಾರದು. ಬಿಕ್ರಿಪ್ಟ್ ಪಾಸ್‌ವರ್ಡಿನ 72 ಬೈಟ್‌ಗಳಾಚೆ ಓದುವುದಿಲ್ಲ ಎಂಬುದೂ ನೆನಪಿರಲಿ.